ಜಂಬಿಟ್ಟಿಗೆ ಯಾವ ಶಿಲೆ? ಮಗಳ ಎಂಟನೇ ಕ್ಲಾಸ್ ಪ್ರಾಜೆಕ್ಟಿಗೆ ಸಹಾಯ ಬೇಕು

ತೀರ್ಥಹಳ್ಳಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಶಿಲೆ, ಖನಿಜಗಳ ಪಾಠ ನಡೆಯುತ್ತಿದೆ. ಹನ್ನೆರಡು ಕಲ್ಲು ಸಂಗ್ರಹಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಅಗ್ನಿಶಿಲೆ (ಕರಗಿದ ಕಲ್ಲು ಆರಿ ಆದದ್ದು), ಪದರಶಿಲೆ (ಪದರ ಪದರವಾಗಿ ಕೂತು ಆದದ್ದು), ರೂಪಾಂತರ ಶಿಲೆ (ಶಾಖ ಒತ್ತಡಕ್ಕೆ ಸಿಕ್ಕಿ ಬದಲಾದದ್ದು) ಅಂತ ಮೂರು ಗುಂಪು ಮಾಡಿ ತರಬೇಕಂತೆ. ಕೈಯಲ್ಲಿ ಹತ್ತು ದಿನ ಇದೆ.

ಮೊದಲು ನಾನು ಸುಲಭದ ದಾರಿ ಹಿಡಿದೆ. ಆನ್‌ಲೈನಿನಲ್ಲಿ ಕಲ್ಲುಗಳ ಡಬ್ಬಿ ತರಿಸಿದೆ. ನೋಡಲು ಬಹಳ ಚಂದ, ಮಿಠಾಯಿ ಡಬ್ಬಿ ಥರ. ಮಗಳು ಕಲ್ಲು ತೊಳೆಯೋಣ ಅಂತ ಬೋಗುಣಿಯಲ್ಲಿ ನೆನೆಹಾಕಿದಳು, ಬೆಳಿಗ್ಗೆ ನೋಡಿದರೆ ನೀರೆಲ್ಲ ನೇರಳೆ! ಬಣ್ಣ ಬಿಡುವ ಕಲ್ಲು ನಾನಂತೂ ನೋಡಿರಲಿಲ್ಲ. ದುಡ್ಡು ವಾಪಸ್ ಕೇಳಿದ್ದೇನೆ, ಅದರ ಕಥೆ ಬೇಡ ಬಿಡಿ.

ಈಗ ಮಗಳೇ ಅಂಗಳದಿಂದ ಶುರು ಮಾಡಿದ್ದಾಳೆ. ಮೊದಲ ಕಲ್ಲಿನಲ್ಲೇ ಸಿಕ್ಕಿಹಾಕಿಕೊಂಡೆವು. ಕೊಟ್ಟಿಗೆ ಗೋಡೆಯಿಂದ ಉದುರಿದ ಜಂಬಿಟ್ಟಿಗೆ ತುಂಡು ಅದು. ಮನೆಯವರು ತೂತು ತೂತು ಇದೆ, ಲಾವಾ ಇರಬೇಕು, ಅಗ್ನಿಶಿಲೆ ಅಂತ ಬರಿ ಎನ್ನುತ್ತಾರೆ. ನಮ್ಮ ಮಾವನವರು ಅದು ಕಲ್ಲೇ ಅಲ್ಲ, ಗಟ್ಟಿಯಾದ ಮಣ್ಣು ಎನ್ನುತ್ತಾರೆ. ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ಏನು ಬರೆಯಬೇಕು ಹೇಳಿ.

ಜಲ್ಲಿ ರಾಶಿ:
ಅಕ್ಕಾ, ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಗಟ್ಟಿ ಇದ್ದರೆ ಗ್ರಾನೈಟ್ ಅಂತ ಬರೆಯಿರಿ, ಮೆತ್ತಗಿದ್ದರೆ ಪದರಶಿಲೆ. ಹನ್ನೆರಡು ಕಲ್ಲನ್ನೂ ಯಾರು ಕೂತು ನೋಡುತ್ತಾರೆ?

ಸಾಗರದ ಮೇಷ್ಟ್ರು:
ನಾನು ನೋಡುತ್ತಿದ್ದೆ, ಸ್ವಾಮಿ. ಮೂವತ್ತು ವರ್ಷ ವಿಜ್ಞಾನ ಕಲಿಸಿ ಈಗ ಮನೆಯಲ್ಲಿದ್ದೇನೆ. ಮಕ್ಕಳು ತಂದ ಕಲ್ಲಿನ ರಾಶಿ ಶಾಲೆಯ ಹಿಂದೆ ಇನ್ನೂ ಇರಬಹುದು.

ಅಮ್ಮಾ, ನಿಮ್ಮ ಮನೆಯಲ್ಲಿ ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಜಂಬಿಟ್ಟಿಗೆ ಲಾವಾ ಅಲ್ಲ. ಲಾವಾದ ತೂತು ಒಳಗಿನ ಗಾಳಿಗುಳ್ಳೆಯಿಂದ ಆಗಿದ್ದು, ದೋಸೆ ಮೇಲಿನ ತೂತಿನ ಹಾಗೆ ಹೆಚ್ಚುಕಡಿಮೆ ಗುಂಡಗಿರುತ್ತದೆ. ಜಂಬಿಟ್ಟಿಗೆಯ ತೂತು ಹುಳ ಕೊರೆದ ಹಾಗೆ ಅಂಕುಡೊಂಕು. ಒಳಗೆ ಹಳದಿ ಮಣ್ಣು ಕೂತಿರುತ್ತದೆ. ಕಡ್ಡಿ ಹಾಕಿ ಕೆರೆದು ನೋಡಲಿ.

ಅದು ಹುಟ್ಟಿದ್ದು ಹೀಗೆ. ಮೊದಲು ಅಲ್ಲಿ ಬೇರೆ ಕಲ್ಲು ಇತ್ತು. ಅದರ ಮೇಲೆ ಲಕ್ಷಾಂತರ ವರ್ಷ ನಮ್ಮ ಮಳೆ ಸುರಿಯಿತು. ಆಗುಂಬೆಯಲ್ಲಿ ಈಗಲೂ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ ಅಲ್ವಾ, ಅಂಥ ಮಳೆ. ನೀರಿಗೆ ಕರಗುವುದೆಲ್ಲ, ಅಂದರೆ ಸುಣ್ಣದ ಅಂಶ, ಪೊಟ್ಯಾಶಿಯಂ, ಕೊನೆಗೆ ಸಿಲಿಕಾ (ಮರಳಿನ ಮುಖ್ಯ ಅಂಶ) ಕೂಡ ಬಹುಪಾಲು ತೊಳೆದು ಹೋಯಿತು. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಇದ್ದಲ್ಲೇ ಉಳಿದವು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟದ ಥರ. ಆ ಚರಟವೇ ಜಂಬಿಟ್ಟಿಗೆ. ಹಾಗಾಗಿ ಮೂರು ಗುಂಪಿನಲ್ಲಿ ಯಾವುದಕ್ಕೂ ಅದು ಸಲೀಸಾಗಿ ಸೇರುವುದಿಲ್ಲ. ಉಳಿಕೆ ಶಿಲೆ ಅಂತ ಬೇರೆ ಚೀಟಿ ಬರೆಯಲಿ.

ಕೋರೆ ಕೆಲಸದವ:
ಮೇಷ್ಟ್ರು ಹೇಳಿದ್ದು ಸರಿ. ಹೊಸನಗರದ ಕಡೆ ಹದಿನೈದು ವರ್ಷ ಜಂಬಿಟ್ಟಿಗೆ ಕಡಿದಿದ್ದೇನೆ, ನಮಗೆ ಗೊತ್ತಿರುವುದು ಹೇಳುತ್ತೇನೆ. ನೆಲದಿಂದ ತೆಗೆಯುವಾಗ ಅದು ಮೆತ್ತಗೆ, ಪಿಕಾಸಿಗೆ ಬಗ್ಗುತ್ತದೆ. ಈಗ ಮಷೀನ್ ಬಂದಿದೆ, ಮೊದಲೆಲ್ಲ ಕೈಯಲ್ಲೇ ಚೌಕ ಮಾಡುತ್ತಿದ್ದೆವು. ತೆಗೆದ ಕಲ್ಲನ್ನು ಹೊರಗೆ ಬಿಸಿಲು ಗಾಳಿಗೆ ಜೋಡಿಸಿ ಇಟ್ಟರೆ ದಿನ ಕಳೆದ ಹಾಗೆ ಬಿಗಿಯಾಗುತ್ತದೆ. ಆಮೇಲೆ ಅದೇ ಪಿಕಾಸಿ ಠಣ್ ಅಂತ ವಾಪಸ್ ಬರುತ್ತದೆ. ಬೇರೆ ಕಲ್ಲು ಬಿಸಿಲು ಮಳೆಗೆ ಸಿಕ್ಕಿ ಸವೆದರೆ ಇದು ಗಟ್ಟಿಯಾಗುತ್ತದೆ.

ಇನ್ನೊಂದು. ಕೋರೆಯಲ್ಲಿ ಆಳಕ್ಕೆ ಹೋದ ಹಾಗೆ ಕೆಂಪು ಕಮ್ಮಿಯಾಗುತ್ತದೆ. ಕೆಳಗೆ ಬಿಳಿ, ತಿಳಿಗುಲಾಬಿ ಬಣ್ಣದ ಜೇಡಿಮಣ್ಣು ಸಿಗುತ್ತದೆ. ಅದರ ಕೆಳಗೆ ಹಸಿ ಬಂಡೆ. ಹುಡುಗಿಗೆ ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಜಾಗ ತೋರಿಸಿ, ಮೂರೂ ಒಂದರ ಕೆಳಗೊಂದು ಕಾಣುತ್ತವೆ. ಆದರೆ ಮಳೆಗಾಲದಲ್ಲಿ ಬುಡಕ್ಕೆ ಹೋಗಬೇಡಿ, ಜರಿಯುತ್ತದೆ.

ಹೆಮಟೈಟ್ ಹುಡುಗಿ:
ಭೂವಿಜ್ಞಾನ ಓದಿದವಳು, ಊರು ಭದ್ರಾವತಿ. ಕೋರೆ ಅಣ್ಣ ಹೇಳಿದ ಮೂರು ಪದರ ಪಾಠ ಮಾಡುವವರಿಗೆ ಚಿನ್ನದಂಥದ್ದು. ಮೇಲೆ ಜಂಬಿಟ್ಟಿಗೆ, ನಡುವೆ ಜೇಡಿ, ಕೆಳಗೆ ಮೂಲ ಬಂಡೆ. ಬಂಡೆ ಕೊಳೆತು ಜಂಬಿಟ್ಟಿಗೆ ಆಗಿದ್ದಕ್ಕೆ ಅದೇ ಸಾಕ್ಷಿ.

ಹೆಸರಿನ ಕಥೆಯೂ ಚೆನ್ನಾಗಿದೆ. ನಮ್ಮ ಜಂಬಿಟ್ಟಿಗೆಯ ಹೆಸರಿನಲ್ಲೇ ಇಟ್ಟಿಗೆ ಇದೆ ಅಲ್ವಾ. ಇಂಗ್ಲಿಷಿನವರು ಇದನ್ನು ಲ್ಯಾಟರೈಟ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೂ ಇಟ್ಟಿಗೆಯೇ. ಆ ಹೆಸರು ಇಟ್ಟದ್ದು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ. ಕೇರಳದ ಅಂಗಾಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದು ನೋಡಿ ಇಟ್ಟ. ಅದೇ ತಿರುಗಾಟದಲ್ಲಿ ಇಕ್ಕೇರಿ, ಬಿದನೂರು ನಗರದ ಕಡೆಗೂ ಬಂದುಹೋಗಿದ್ದಾನೆ. ಅಂದರೆ ಇಡೀ ಪ್ರಪಂಚ ಬಳಸುವ ಒಂದು ಕಲ್ಲಿನ ಹೆಸರು ನಮ್ಮ ಘಟ್ಟದ ಸಾಲಿನಿಂದಲೇ ಹೋದದ್ದು. ಎಂಟನೇ ಕ್ಲಾಸಿನ ಮೂರು ಗುಂಪಿನಲ್ಲಿ ಮಾತ್ರ ಅದಕ್ಕೆ ಜಾಗ ಇಲ್ಲ!

ತೀರ್ಥಹಳ್ಳಿ ಅಮ್ಮ:
ಅಬ್ಬಾ, ಇಷ್ಟೆಲ್ಲ ಇದೆಯಾ. ಮಗಳು ಇದನ್ನೆಲ್ಲ ಓದುತ್ತಿದ್ದಾಳೆ. ಅವಳ ಪ್ರಶ್ನೆ ಎರಡು. ಒಂದು, ಶಿಲೆಗೂ ಖನಿಜಕ್ಕೂ ವ್ಯತ್ಯಾಸ ಏನು, ಪುಸ್ತಕದ ವಾಕ್ಯ ಬಾಯಿಪಾಠ ಬರುತ್ತದೆ ಆದರೆ ಅರ್ಥ ಆಗಿಲ್ಲ. ಎರಡು, ಉಳಿಕೆ ಶಿಲೆ ಅಂತ ಬರೆದರೆ ಮಾರ್ಕ್ಸ್ ಕಟ್ ಆಗುತ್ತಾ? (ಎರಡನೆಯದು ನನ್ನ ಪ್ರಶ್ನೆಯೂ ಹೌದು.)

ಸಾಗರದ ಮೇಷ್ಟ್ರು:
ಮೊದಲನೆಯದಕ್ಕೆ ಹೊಸ ಮನೆ ಕಟ್ಟುವ ಕಡೆ ಬಿದ್ದಿರುವ ಜಲ್ಲಿ ರಾಶಿಗೆ ಹೋಗಿ. (ಮೇಲೆ ಬರೆದವರ ಬಗ್ಗೆ ಅಲ್ಲ, ನಿಜವಾದ ರಾಶಿ.) ಜಲ್ಲಿ ಯಾಕೆ ಅಂದರೆ ಅದು ಆಗಷ್ಟೇ ಒಡೆದದ್ದು, ಒಳಗಿನ ಮುಖ ಕಾಣುತ್ತದೆ. ಹೊರಗೆ ಬಿದ್ದ ಕಲ್ಲಿಗೆ ಪಾಚಿ, ತುಕ್ಕು ಹಿಡಿದು ಎಲ್ಲವೂ ಒಂದೇ ಬಣ್ಣ ಆಗಿರುತ್ತವೆ. ತಿಳಿಬಣ್ಣದ ಒಂದು ಚೂರು ತೊಳೆದು ಬಿಸಿಲಿನಲ್ಲಿ ತಿರುಗಿಸಲಿ. ಗಾಜಿನ ಹಾಗೆ ಬೂದುಬಣ್ಣದ ಕಾಳು ಕಾಣುತ್ತದೆ, ಅದು ಬೆಣಚು. ಬಿಳಿ ಅಥವಾ ತಿಳಿಗುಲಾಬಿ ಕಾಳು ಫೆಲ್ಡ್‌ಸ್ಪಾರ್. ಕಪ್ಪಗೆ ಮಿಣಮಿಣ ಹೊಳೆಯುವ ತೆಳು ಚೂರು ಅಭ್ರಕ, ನಾವು ಸಣ್ಣವರಿದ್ದಾಗ ಕಾಗೆ ಬಂಗಾರ ಎನ್ನುತ್ತಿದ್ದೆವು. ಈ ಮೂರು ಒಂದೊಂದೂ ಖನಿಜ. ಮೂರೂ ಕೂಡಿ ಕೈಯಲ್ಲಿರುವ ಜಲ್ಲಿ ಶಿಲೆ. ಅಷ್ಟೇ.

ಖನಿಜ ಎನ್ನಿಸಿಕೊಳ್ಳಲು ಅದು ತಾನಾಗಿ ಹುಟ್ಟಿರಬೇಕು, ಗಟ್ಟಿ ವಸ್ತುವಾಗಿರಬೇಕು, ಒಳಗೆ ಇಂತಿಂಥ ಧಾತು ಇಂತಿಷ್ಟು ಅಂತ ಗೊತ್ತುಪಡಿಸಿದ ರಚನೆ ಇರಬೇಕು, ಪರಮಾಣುಗಳು ಸಾಲಾಗಿ ಜೋಡಿಸಿಕೊಂಡಿರಬೇಕು. ಹೆಸರಿಟ್ಟ ಖನಿಜಗಳು ಐದು ಸಾವಿರಕ್ಕೂ ಜಾಸ್ತಿ. ಆದರೆ ನಮ್ಮ ಕಾಲಿಗೆ ತಾಗುವವು ಬೆರಳೆಣಿಕೆ.

ಮಾರ್ಕ್ಸ್ ವಿಷಯ ನನಗೆ ಗೊತ್ತಿಲ್ಲ ಅಮ್ಮ. ನಾನಾಗಿದ್ದರೆ ಎರಡು ಜಾಸ್ತಿ ಕೊಡುತ್ತಿದ್ದೆ.

ಜಲ್ಲಿ ರಾಶಿ:
ಮೇಷ್ಟ್ರೇ, ನನ್ನ ಹೆಸರಿಗೇ ಕಲ್ಲು ಹಾಕಿದಿರಲ್ಲ 😄 ಒಂದು ಡೌಟು. ನಾನು ಕಾಂಟ್ರಾಕ್ಟ್ ಕೆಲಸ ಮಾಡುವವನು. ಅಡುಗೆಮನೆ ಕಟ್ಟೆಗೆ ಹಾಕುವ ಕರಿ ಗ್ರಾನೈಟಿನಲ್ಲಿ ಈ ಬಿಳಿ ಕಾಳು, ಗುಲಾಬಿ ಕಾಳು ಒಂದೂ ಇಲ್ಲವಲ್ಲ. ಅದು ಹೇಗೆ ಗ್ರಾನೈಟ್?

ಹೆಮಟೈಟ್ ಹುಡುಗಿ:
ಅದು ಅಂಗಡಿಯವರ ಗ್ರಾನೈಟ್, ನಮ್ಮ ಪುಸ್ತಕದ ಗ್ರಾನೈಟ್ ಅಲ್ಲ. ಪಾಲಿಶ್ ಹಿಡಿಯುವ ಗಟ್ಟಿ ಕಲ್ಲಿಗೆಲ್ಲ ವ್ಯಾಪಾರದಲ್ಲಿ ಗ್ರಾನೈಟ್ ಎನ್ನುತ್ತಾರೆ. ಚಾಮರಾಜನಗರದ ಕಡೆಯಿಂದ ಬರುವ ಹೆಸರುವಾಸಿ ಕರಿ ಕಲ್ಲು ನಿಜವಾಗಿ ಡಾಲರೈಟ್. ಅದೂ ಅಗ್ನಿಶಿಲೆಯೇ, ಆದರೆ ಸಿಲಿಕಾ ಕಮ್ಮಿ, ಕಬ್ಬಿಣ ಮೆಗ್ನೀಶಿಯಂ ಜಾಸ್ತಿ, ಅದಕ್ಕೇ ಕಪ್ಪು. ಹಳೆ ಬಂಡೆಯ ಬಿರುಕಿನಲ್ಲಿ ಶಿಲಾರಸ ನುಗ್ಗಿ ಅಲ್ಲೇ ಆರಿ ಗೋಡೆಯ ಹಾಗೆ ನಿಂತದ್ದು. ಇಳಕಲ್ಲಿನ ಕೆಂಪು ಗ್ರಾನೈಟ್ ಮಾತ್ರ ಹೆಸರಿಗೆ ತಕ್ಕ ಗ್ರಾನೈಟ್.

ಕಾಳು ದಪ್ಪವೋ ಸಣ್ಣದೋ ಎನ್ನುವುದು ಮುಖ್ಯ. ಜೋನಿ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಅಲ್ಲಾಡಿಸದೆ ಇಟ್ಟರೆ ತಳದಲ್ಲಿ ದಪ್ಪ ದಪ್ಪ ಹರಳು ಕೂರುತ್ತದೆ ನೋಡಿ. ಆಲೆಮನೆಯಲ್ಲಿ ಅದೇ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಹರಳು ಕಟ್ಟಲು ಪುರುಸೊತ್ತೇ ಇಲ್ಲ, ಹಾಗೇ ಬಿಗಿಯುತ್ತದೆ. ಶಿಲಾರಸವೂ ಹಾಗೆ. ಭೂಮಿಯ ಆಳದಲ್ಲಿ ನಿಧಾನಕ್ಕೆ ಆರಿದರೆ ಗ್ರಾನೈಟಿನ ದಪ್ಪ ಕಾಳು. ಮೇಲೆ ಬಂದು ಬೇಗ ಆರಿದರೆ ಕಣ್ಣಿಗೆ ಕಾಣದ ಸಣ್ಣ ಕಾಳು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಲಾವಾ ನೀರಿನೊಳಗೇ ಉಕ್ಕಿ, ದಿಂಬು ದಿಂಬಾಗಿ ಆರಿದ ಕಲ್ಲಿದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಶಿವಮೊಗ್ಗದಿಂದ ಒಂದು ದಿನದಲ್ಲಿ ಹೋಗಿ ಬರಬಹುದು.

ಇನ್ನೊಂದು ವಿಷಯ. ನಿಮ್ಮ ಜಲ್ಲಿಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಕರಿ ಬಿಳಿ ಕಾಳು ಹೇಗೆಂದರೆ ಹಾಗೆ ಚೆಲ್ಲಿಕೊಂಡಿದ್ದರೆ ಗ್ರಾನೈಟ್. ಸಾಲಾಗಿ ಪಟ್ಟೆ ಪಟ್ಟೆ ಕಂಡರೆ ಅದು ನೈಸ್, ರೂಪಾಂತರ ಶಿಲೆ. ನಮ್ಮ ಕಡೆಯ ಜಲ್ಲಿಯಲ್ಲಿ ನೈಸ್ ಬೇಕಾದಷ್ಟು. ಜೋಗದಲ್ಲಿ ಶರಾವತಿ 253 ಮೀಟರ್ ಬೀಳುವುದೂ ಅಂಥದ್ದೇ ಹಳೆ ಬಂಡೆಯ ಮೇಲಿಂದ. ಬೆಂಗಳೂರಿನ ಲಾಲ್‌ಬಾಗ್ ಗುಡ್ಡವೂ ಅದೇ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ.

ಜಲ್ಲಿ ರಾಶಿ:
300 ಕೋಟಿ ವರ್ಷದ ಮಾಲನ್ನು ನಾನು ಲೋಡಿಗೆ ಇಷ್ಟು ಅಂತ ಕೊಡುತ್ತಿದ್ದೇನಲ್ಲ. ನೈಸ್ ಅಂದರೆ ನುಣುಪು ಅಂದುಕೊಂಡಿದ್ದೆ.

ದೂರದೂರಿನ ಮಗ:
ಊರು ಕೊಪ್ಪ, ಇರುವುದು ಬೆಂಗಳೂರು. ಈ ಚರ್ಚೆ ಓದಿ ಮನೆ ನೆನಪಾಯಿತು. ಪದರಶಿಲೆಗೆ ಎಲ್ಲಿಗೂ ಹೋಗಬೇಡಿ, ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫ್ ಇದೆಯಲ್ಲ, ಅದು ಸುಣ್ಣಕಲ್ಲು, ಪದರಶಿಲೆ. ಶಹಾಬಾದ್ ಕಲ್ಲೂ ಹಾಗೇ, ಕಲಬುರಗಿ ಕಡೆಯದು. ಎರಡೂ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು, ಅದಕ್ಕೇ ಹಲಗೆಯ ಹಾಗೆ ಏಳುತ್ತದೆ. ಸುಣ್ಣಕಲ್ಲಿನ ನಿಜರೂಪ ನೋಡಬೇಕಾದರೆ ಕುಮಟಾ ತಾಲ್ಲೂಕಿನ ಯಾಣಕ್ಕೆ ಹೋಗಿ, ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲು, ಮಳೆನೀರು ಕೊರೆದು ಕೊರೆದು ಚೂಪಾಗಿ ನಿಂತದ್ದು. ನೋಡಿದರೆ ಸುಣ್ಣ ಅಂತ ಯಾರೂ ಹೇಳುವುದಿಲ್ಲ.

ಸಾಗರದ ಮೇಷ್ಟ್ರು:
ಕಡಪ ಕಲ್ಲು ಒಳ್ಳೆ ಮಾತು. ಅದಕ್ಕೆ ನಿಂಬೆಹಣ್ಣಿನ ಪರೀಕ್ಷೆ ಮಾಡಿಸಿ. ಶೆಲ್ಫಿನ ಮೇಲೆ ಅಲ್ಲ, ಅಮ್ಮನ ಕೈಯಲ್ಲಿ ಏಟು ಬೀಳುತ್ತದೆ. ಒಡೆದ ಚೂರನ್ನು ಮೊಳೆಯಿಂದ ಕೆರೆದು ಪುಡಿ ಮಾಡಿ ಅದರ ಮೇಲೆ ನಿಂಬೆರಸ ಬಿಡಿ. ಸಣ್ಣ ಸಣ್ಣ ಗುಳ್ಳೆ ಬರುತ್ತದೆ, ಕಿವಿ ಹತ್ತಿರ ಹಿಡಿದರೆ ಚುರ್ ಅಂತ ಕೇಳುತ್ತದೆ. ಗುಳ್ಳೆ ಹೇಗಿರುತ್ತದೆ ಅಂತ ಮೊದಲು ಮೊಟ್ಟೆಯ ಚಿಪ್ಪಿನ ಮೇಲೆ ನೋಡಿಕೊಳ್ಳಲಿ, ಎರಡರಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್. ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಅಂದರೆ ಸಮುದ್ರದ ಕಪ್ಪೆಚಿಪ್ಪು ಆಗುತ್ತದೆ.

ಗಟ್ಟಿತನದ ಪರೀಕ್ಷೆಯೂ ಮನೆ ಸಾಮಾನಿನಲ್ಲೇ ಆಗುತ್ತದೆ. ಜರ್ಮನಿಯ ಫ್ರೀಡ್ರಿಶ್ ಮೋಸ್ 1812ರಲ್ಲಿ ಮಾಡಿದ ಏಣಿ ಅದು. ಒಂದನೇ ಮೆಟ್ಟಿಲು ಟಾಲ್ಕ್, ಹತ್ತನೆಯದು ವಜ್ರ. ಯಾವುದು ಯಾವುದರ ಮೇಲೆ ಗೀರು ಎಳೆಯುತ್ತದೆ ಎನ್ನುವುದೇ ಲೆಕ್ಕ. ನಮ್ಮ ಉಗುರು ಎರಡೂವರೆ, ಕಬ್ಬಿಣದ ಮೊಳೆ ಮತ್ತು ಗಾಜು ಸುಮಾರು ಐದೂವರೆ, ಬೆಣಚು ಏಳು. ಬಿಳಿ ಕಲ್ಲು ಸಿಕ್ಕಿ ಅದು ಬೆಣಚೋ ಸುಣ್ಣಕಲ್ಲೋ ಅಂತ ಗೊಂದಲ ಆದರೆ ದಪ್ಪ ಗಾಜಿನ ಬಾಟಲಿ ಮೇಲೆ ಗೀರಿ. ಗೀರು ಬಿದ್ದರೆ ಬೆಣಚು. ಬಣ್ಣ ನೋಡಿ ತೀರ್ಮಾನ ಮಾಡುವುದು ಮಾತ್ರ ಬೇಡ. ಕಲ್ಲಿನಲ್ಲಿ ಬಣ್ಣದಷ್ಟು ಸುಳ್ಳು ಹೇಳುವುದು ಬೇರೆ ಇಲ್ಲ.

ತೀರ್ಥಹಳ್ಳಿ ಅಮ್ಮ:
ಬಾಟಲಿ ಹಾಳಾಯಿತು, ಬೆಣಚು ಸಿಕ್ಕಿತು 😊 ಅವಳ ಅಜ್ಜ ಇನ್ನೊಂದು ತೋರಿಸಿದರು. ಎರಡು ಬೆಣಚುಕಲ್ಲನ್ನು ಕತ್ತಲೆ ಕೋಣೆಯಲ್ಲಿ ಜೋರಾಗಿ ಉಜ್ಜಿದರೆ ಒಳಗೇ ಬೆಳಕು ಹತ್ತಿದ ಹಾಗೆ ಆಗುತ್ತದೆ, ಒಂಥರಾ ಸುಟ್ಟ ವಾಸನೆಯೂ ಬರುತ್ತದೆ. ಅರ್ಧ ಗಂಟೆ ಇಬ್ಬರೂ ಬಚ್ಚಲಮನೆ ಬಾಗಿಲು ಹಾಕಿಕೊಂಡು ಅದೇ ಆಟ.

ಪೂಜೆ ಸಂಪುಟದ ಭಟ್ಟರು:
ನಾನು ವಿಜ್ಞಾನ ಓದಿದವನಲ್ಲ. ಆದರೂ ಒಂದು ಹೇಳಬೇಕು ಅನ್ನಿಸಿತು. ನಮ್ಮ ಮಲೆನಾಡಿನ ಹಳೆ ಮನೆಗಳಲ್ಲಿ ಪಂಚಾಯತನ ಪೂಜೆ ಇರುತ್ತದೆ. ಆ ಸಂಪುಟದೊಳಗೆ ಐದು ಕಲ್ಲು. ವಿಷ್ಣುವಿಗೆ ನೇಪಾಳದ ಗಂಡಕಿ ನದಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣ ನದಿಯ ಕೆಂಪು ಕಲ್ಲು, ಅಂಬಿಕೆಗೆ ಸ್ವರ್ಣಮುಖಿಯ ಕಲ್ಲು, ಸೂರ್ಯನಿಗೆ ಸ್ಫಟಿಕ. ನಾಲ್ಕು ನದಿಯ ಕಲ್ಲು ಒಂದು ಅಂಗೈಯಗಲದ ಡಬ್ಬಿಯಲ್ಲಿ. ಇದೂ ಸಂಗ್ರಹ ಅಲ್ಲವೇ?

ಹೆಮಟೈಟ್ ಹುಡುಗಿ:
ಭಟ್ಟರೇ, ನಾನು ಐದು ವರ್ಷ ಕಾಲೇಜಿನಲ್ಲಿ ಕಲ್ಲು ಓದಿದರೂ ಇದು ಹೊಳೆದಿರಲಿಲ್ಲ. ಸಾಲಿಗ್ರಾಮ ಒಳಗೆ ಚಕ್ರ ಇರುವ ಕಪ್ಪು ಪದರಶಿಲೆ. ಆ ಚಕ್ರ ಅಮೊನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರ ಇತ್ತು ಎನ್ನುವುದಕ್ಕೆ ಸಾಕ್ಷಿ ನಿಮ್ಮ ದೇವರ ಮನೆಯಲ್ಲಿದೆ. ಸ್ಫಟಿಕ ಅಂದರೆ ಶುದ್ಧ ಬೆಣಚು, ಜಲ್ಲಿಯಲ್ಲಿ ಕಂಡ ಅದೇ ಬೂದು ಕಾಳಿನ ಜಾತಿ.

ಪೂಜೆ ಸಂಪುಟದ ಭಟ್ಟರು:
ಸಂತೋಷ. ಆದರೆ ಮಕ್ಕಳು ಮೊಳೆ, ನಿಂಬೆಹಣ್ಣು ಹಿಡಿದು ಸಂಪುಟದ ಹತ್ತಿರ ಬರುವುದು ಬೇಡ. ದೂರದಿಂದ ನೋಡಿ ಬರೆದುಕೊಳ್ಳಲಿ.

ದೂರದೂರಿನ ಮಗ:
ರೂಪಾಂತರ ಶಿಲೆಗೆ ನೈಸ್ ಬಿಟ್ಟು ಬೇರೆ ಏನು ಸಿಗುತ್ತದೆ? ಮಾರ್ಬಲ್ ಎಲ್ಲರೂ ಹೇಳುತ್ತಾರೆ. ಸುಣ್ಣಕಲ್ಲು ಶಾಖ ಒತ್ತಡಕ್ಕೆ ಸಿಕ್ಕಿ ಮಾರ್ಬಲ್ ಆಗುತ್ತದೆ ಅಂತ ನಾವೂ ಓದಿದ್ದೆವು.

ಸಾಗರದ ಮೇಷ್ಟ್ರು:
ಸ್ಲೇಟು ಮತ್ತು ಬಳಪ! ನಮ್ಮ ಕಾಲದ ಶಾಲೆ ನಡೆದದ್ದೇ ಎರಡು ರೂಪಾಂತರ ಶಿಲೆಗಳ ಮೇಲೆ. ಜೇಡಿಮಣ್ಣು ಒತ್ತಿ ಬಿಗಿದು ಜೇಡಿಕಲ್ಲಾಗುತ್ತದೆ, ಅದು ಪದರಶಿಲೆ. ಅದೇ ಇನ್ನೂ ಶಾಖ, ಒತ್ತಡಕ್ಕೆ ಸಿಕ್ಕಿದರೆ ಸ್ಲೇಟು. ತೆಳ್ಳಗೆ ಹಲಗೆಯಾಗಿ ಸೀಳುತ್ತದೆ. ಈಗಿನ ಪ್ಲಾಸ್ಟಿಕ್ ಸ್ಲೇಟು ತಂದು ಅಂಟಿಸಬೇಡಿ ಮತ್ತೆ.

ಬಳಪದ ಕಲ್ಲು ಟಾಲ್ಕ್ ಇರುವ ಕಲ್ಲು. ಮೋಸ್ ಏಣಿಯ ಒಂದನೇ ಮೆಟ್ಟಿಲು ಅದೇ, ಉಗುರಿಗೇ ಗೀರು ಬೀಳುತ್ತದೆ, ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳು ಈ ಜಾತಿಯ ಕಲ್ಲಿನವೇ. ಬಳೆ, ಸರ, ಉಗುರು ಎಲ್ಲ ಅಷ್ಟು ನಾಜೂಕಾಗಿ ಬಂದದ್ದರಲ್ಲಿ ಶಿಲ್ಪಿಯ ಕೈಯಷ್ಟೇ ಕಲ್ಲಿನ ಮೆತ್ತನೆಯೂ ಇದೆ. ಅದಕ್ಕೆ ಎದುರಾಗಿ ನಮ್ಮ ಇಕ್ಕೇರಿ ಅಘೋರೇಶ್ವರ ನೋಡಿ. ಅದು ಗ್ರಾನೈಟ್. ಕೆತ್ತನೆ ಇದೆ, ಆದರೆ ದಪ್ಪ ದಪ್ಪ, ಗಂಭೀರ. ಗ್ರಾನೈಟಿನಲ್ಲಿ ಬಳೆ ಬಿಡಿಸಲು ಹೊರಟರೆ ಉಳಿ ಮೊಂಡಾಗುತ್ತದೆ. ಯಾವ ದೇವಸ್ಥಾನಕ್ಕೆ ಹೋದರೂ ನನಗೆ ಮೊದಲು ಕಾಣುವುದು ಕಲ್ಲು, ಆಮೇಲೆ ದೇವರು. ಮನೆಯವಳು ಬೈಯುತ್ತಿದ್ದಳು.

ಹೆಮಟೈಟ್ ಹುಡುಗಿ:
ಈಗ ನನ್ನ ಊರಿನ ಸರದಿ. ಹನ್ನೆರಡರಲ್ಲಿ ಒಂದು ಅದಿರು ಇರಲೇಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದದ್ದು ಮೈಸೂರು ಅರಸರ ಕಾಲದಲ್ಲಿ, 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಹೆಸರೇ ಹೇಳುತ್ತದೆ, ಕೆಂಪು ಮಣ್ಣಿನ ಗುಂಡಿ. ಗುಡ್ಡದಿಂದ ಹಗ್ಗದ ದಾರಿಯಲ್ಲಿ ತೊಟ್ಟಿ ತೊಟ್ಟಿಯಾಗಿ ಕೆಳಗೆ ಇಳಿಯುತ್ತಿತ್ತು. ಅದಿರನ್ನು ಕರಗಿಸಲು ಕಾಡಿನ ಇದ್ದಿಲು, ಕಸ ತೆಗೆಯಲು ಸುಣ್ಣಕಲ್ಲು. ಸುಣ್ಣಕಲ್ಲು ಅದಿರಿನ ಸಿಲಿಕಾ ಜೊತೆ ಸೇರಿ ಕಿಟ್ಟವಾಗಿ ಮೇಲೆ ತೇಲುತ್ತದೆ. ನಾವು ಸಣ್ಣವರಿದ್ದಾಗ ಗಾಜಿನ ಹಾಗೆ ಹೊಳೆಯುವ ಕಿಟ್ಟದ ಚೂರು ಆರಿಸಿ ರತ್ನ ಅಂತ ಬಚ್ಚಿಡುತ್ತಿದ್ದೆವು. ಅದು ಖನಿಜ ಅಲ್ಲ, ಮನುಷ್ಯ ಮಾಡಿದ್ದು. ನನ್ನ ಡಬ್ಬಿಯಲ್ಲಿ ಇನ್ನೂ ಇದೆ.

ಕಬ್ಬಿಣದ ಅದಿರು ಮುಖ್ಯವಾಗಿ ಎರಡು. ಹೆಮಟೈಟ್ ನೋಡಲು ಕೆಲವು ಸಲ ಕಪ್ಪು, ಉಕ್ಕಿನ ಹಾಗೆ. ಆದರೆ ಟೈಲ್ಸಿನ ಹಿಂಬದಿ, ಪಾಲಿಶ್ ಇಲ್ಲದ ಕಡೆ ಉಜ್ಜಿದರೆ ಬೀಳುವ ಗೆರೆ ಕೆಂಪು. ಮ್ಯಾಗ್ನೆಟೈಟ್ ಕಪ್ಪು, ಗೆರೆಯೂ ಕಪ್ಪು, ಅಯಸ್ಕಾಂತಕ್ಕೆ ಅಂಟುತ್ತದೆ. ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಮ್ಯಾಗ್ನೆಟೈಟ್, 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಆ ಗಣಿ ನಿಂತಿತು. ಬಾಬಾಬುಡನ್ ಗಿರಿಯ ಕಡೆ ಕೆಂಪು, ಬೂದು ಪಟ್ಟೆಗಳು ಸೀರೆಯ ಅಂಚಿನ ಹಾಗೆ ಇರುವ ಕಲ್ಲು ಸಿಗುತ್ತದೆ. ಒಂದು ಪಟ್ಟೆ ಕಬ್ಬಿಣ, ಒಂದು ಸಿಲಿಕಾ. ಬಹಳ ಹಿಂದೆ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಟ್ಟ ಆಮ್ಲಜನಕ ಸೇರಿ ಅದು ತುಕ್ಕಾಗಿ ತಳಕ್ಕೆ ಕೂತಿತು ಅಂತ ಹೇಳುತ್ತಾರೆ. ಪದರಶಿಲೆಯಾಗಿ ಹುಟ್ಟಿ ಆಮೇಲೆ ಶಾಖಕ್ಕೆ ಸಿಕ್ಕಿ ರೂಪಾಂತರವೂ ಆದ ಕಲ್ಲು.

ನಮ್ಮ ಕುಂಸಿಯಲ್ಲಿ ಮ್ಯಾಂಗನೀಸ್ ಗಣಿಯೂ ಇತ್ತು. ಅಂಗೈಗೆ ಮಸಿ ಹತ್ತಿಸುವ ಭಾರದ ಕಪ್ಪು ಕಲ್ಲು ಆ ಕಡೆ ಸಿಕ್ಕರೆ ಬಿಸಾಡಬೇಡಿ.

ಸೊರಬದ ಚಿತ್ತಾರ:
ಟೈಲ್ಸ್ ಮೇಲೆ ಕೆಂಪು ಗೆರೆ ಅಂದಿರಲ್ಲ, ನಮ್ಮ ಮನೆಯ ಗೋಡೆ ಚಿತ್ತಾರದ ಕೆಂಪು ಅದೇ ಕೆಮ್ಮಣ್ಣು. ಬಿಳಿ ಅಕ್ಕಿಹಿಟ್ಟಿನದು, ಬೇಗ ಮಾಸುತ್ತದೆ. ಕೆಂಪು ಮಾಸುವುದಿಲ್ಲ. ಅಮ್ಮ ಅಂಗಡಿ ಬಣ್ಣ ಬೇಡ ಎನ್ನುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಯಿತು. ಕಬ್ಬಿಣ ಆಗಲೇ ತುಕ್ಕು ಹಿಡಿದು ಆದ ಬಣ್ಣ ಅದು, ಇನ್ನೆಷ್ಟು ಕೆಡುತ್ತದೆ?

ಕೋರೆ ಕೆಲಸದವ:
ಹೊಳೆ ದಂಡೆಗೂ ಹೋಗಿ. ತುಂಗೆಯ ಮರಳಿನಲ್ಲಿ ಕೆಲವು ಕಡೆ ಕಪ್ಪು ಗೆರೆ ಕಾಣುತ್ತದೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರ ಮೇಲೆ ಎಳೆದರೆ ಕಪ್ಪು ಪುಡಿ ಮೀಸೆಯ ಹಾಗೆ ಅಂಟಿಕೊಳ್ಳುತ್ತದೆ. ಕವರ್ ಇಲ್ಲದೆ ಎಳೆದರೆ ಆಮೇಲೆ ಬಿಡಿಸಲು ಆಗುವುದಿಲ್ಲ, ನಾನು ಮಗನ ಅಯಸ್ಕಾಂತ ಹಾಳು ಮಾಡಿ ಬೈಸಿಕೊಂಡಿದ್ದೇನೆ. ಕಲ್ಲು ಎತ್ತುವಾಗ ಕೈ ಹಾಕಬೇಡಿ, ಮೊದಲು ಕೋಲಿನಲ್ಲಿ ಮಗುಚಿ. ಚೇಳು ಇರುತ್ತದೆ. ಇಂಬಳಕ್ಕೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಹೋಗಿ. ನೀರು ತುಂಬಿದ ಹಳೆ ಕೋರೆಗೆ ಮಕ್ಕಳನ್ನು ಬಿಡಲೇಬೇಡಿ, ದಂಡೆಯ ಪಕ್ಕದಲ್ಲೇ ಆಳ.

ಸಾಗರದ ಮೇಷ್ಟ್ರು:
ಅಭಯಾರಣ್ಯದಿಂದ, ರಾಷ್ಟ್ರೀಯ ಉದ್ಯಾನದಿಂದ ಏನೂ ತರಬಾರದು, ಕಲ್ಲೂ ಕೂಡ. ಹಾಳು ದೇವಸ್ಥಾನದ ಚೂರು, ಕೋಟೆಯ ಚೂರು ಮುಟ್ಟಬಾರದು. ಕವಲೇದುರ್ಗಕ್ಕೆ ಹೋದರೆ ಫೋಟೊ ಸಾಕು.

ತೀರ್ಥಹಳ್ಳಿ ಅಮ್ಮ:
ಆರು ದಿನದ ಲೆಕ್ಕ ಕೊಡುತ್ತೇನೆ. ಮೊಟ್ಟೆ ಟ್ರೇಯಲ್ಲಿ ಜೋಡಿಸಿದ್ದಾಳೆ (ಪಕ್ಕದ ಮನೆಯಿಂದ ಕೇಳಿ ತಂದದ್ದು, ಭಟ್ಟರು ಕ್ಷಮಿಸಿ). ಗ್ರಾನೈಟ್, ನೈಸ್, ಕರಿ ಕಲ್ಲು, ಕಡಪ, ಶಹಾಬಾದ್, ಅಟ್ಟದಲ್ಲಿ ಸಿಕ್ಕಿದ ನನ್ನ ಅತ್ತೆಯವರ ಒಡೆದ ಸ್ಲೇಟು, ಬಳಪ, ಮಾರ್ಬಲ್ ಚೂರು, ಬೆಣಚು, ಕಾಗೆ ಬಂಗಾರ, ಹೊಳೆಯ ಕಪ್ಪು ಮರಳು ಒಂದು ಸಣ್ಣ ಬಾಟಲಿಯಲ್ಲಿ. ಹನ್ನೆರಡನೆಯದು ಜಂಬಿಟ್ಟಿಗೆ. ಕಲ್ಲುಪ್ಪನ್ನೂ ಇಡುತ್ತೇನೆ ಅಂತ ಹಟ, ಭೂತಕನ್ನಡಿಯಲ್ಲಿ ಚೌಕ ಚೌಕ ಕಾಣುತ್ತದೆ. ಉಪ್ಪು ಖನಿಜವೇ?

ಒಂದು ಕಲ್ಲಿನ ಮೇಲೆ ಜರಿಗಿಡದ ಎಲೆ ಮೂಡಿದ ಹಾಗೆ ಕಪ್ಪು ಚಿತ್ರ ಇದೆ. ಪಳೆಯುಳಿಕೆ ಎಂದು ಕುಣಿಯುತ್ತಿದ್ದಾಳೆ.

ಹೆಮಟೈಟ್ ಹುಡುಗಿ:
ಬೇಜಾರು ಮಾಡಿಕೊಳ್ಳಬೇಡ ಪುಟ್ಟಿ, ಅದು ಎಲೆ ಅಲ್ಲ. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಕವಲು ಕವಲಾಗಿ ಬೆಳೆದದ್ದು, ಡೆಂಡ್ರೈಟ್ ಎನ್ನುತ್ತಾರೆ. ನಮ್ಮ ಸೀಮೆಯ ಬಂಡೆಗಳು ಗಿಡಮರ ಹುಟ್ಟುವುದಕ್ಕೆ ಬಹಳ ಮೊದಲಿನವು. ಎಲೆ ಬೀಳಲು ಆಗ ಮರವೇ ಇರಲಿಲ್ಲ. ನನ್ನ ಮೊದಲ ಪಳೆಯುಳಿಕೆಯೂ ಡೆಂಡ್ರೈಟೇ ಆಗಿತ್ತು, ಮೂರು ದಿನ ಊಟ ಬಿಟ್ಟಿದ್ದೆ.

ಉಪ್ಪು ಖನಿಜ ಹೌದು, ಹೆಸರು ಹೇಲೈಟ್. ಆದರೆ ಅಂಗಡಿಯ ಕಲ್ಲುಪ್ಪು ಗದ್ದೆಯಲ್ಲಿ ಸಮುದ್ರದ ನೀರು ಕಟ್ಟಿ ಬೆಳೆದದ್ದು, ತಾನಾಗಿ ಹುಟ್ಟಿದ್ದು ಅಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದು. ಗಣಿಯಿಂದ ಬರುವ ಸೈಂಧವ ಉಪ್ಪು ಇಡಿ, ಯಾರೂ ಮಾತಾಡುವುದಿಲ್ಲ.

ಜಲ್ಲಿ ರಾಶಿ:
ನನ್ನ ಸೈಟಿನಿಂದ ಒಂದು ಪಟ್ಟೆ ಕಲ್ಲು ಇಟ್ಟಿದ್ದೇನೆ, ಅಂಗೈಯಷ್ಟು, ಕರಿ ಬಿಳಿ ಗೆರೆ ಸೊಂಟ ಬಳುಕಿಸಿದ ಹಾಗೆ ಇದೆ. ತೀರ್ಥಹಳ್ಳಿ ಕಡೆ ಬಂದಾಗ ಕೊಡುತ್ತೇನೆ. ಈಗ ಲೋಡ್ ಬಂದಾಗಲೆಲ್ಲ ಕೆಲಸದವರು ನನ್ನನ್ನೇ ನೋಡುತ್ತಾರೆ, ಯಜಮಾನರು ಜಲ್ಲಿ ಎತ್ತಿ ಎತ್ತಿ ಬಿಸಿಲಿಗೆ ಹಿಡಿಯುತ್ತಾರಲ್ಲ ಅಂತ.

ತೀರ್ಥಹಳ್ಳಿ ಅಮ್ಮ:
ಕೊಟ್ಟು ಬಂದಾಯಿತು. ಟೀಚರ್ ಜಂಬಿಟ್ಟಿಗೆ ಕೈಗೆತ್ತಿಕೊಂಡು, ಇದು ಯಾವ ಗುಂಪು, ಯಾಕೆ ಬೇರೆ ಇಟ್ಟಿದ್ದೀಯ ಎಂದು ಕೇಳಿದರಂತೆ. ಇವಳು ಕೋರೆಯ ಮೂರು ಪದರದ ಚಿತ್ರ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದಾಳೆ. ಟೀಚರ್ ಸ್ವಲ್ಪ ಹೊತ್ತು ಸುಮ್ನೆ ನೋಡಿ, ನಮ್ಮ ಮನೆಯೂ ಇದೇ ಕಲ್ಲಿನದು ಅಂದರಂತೆ. ಮಾರ್ಕ್ಸ್ ಇನ್ನೂ ಬಂದಿಲ್ಲ. ಚೀಟಿಯ ಮೇಲೆ ಅವಳೇ ಬರೆದದ್ದು: ಜಂಬಿಟ್ಟಿಗೆ, ಉಳಿಕೆ ಶಿಲೆ, ಮಳೆ ಮಾಡಿದ ಕಲ್ಲು.

ಕೋರೆ ಕೆಲಸದವ:
ಬರೀ ಮಳೆ ಅಲ್ಲ ಅಕ್ಕಾ, ಬಿಸಿಲೂ ಬೇಕು. ಚೀಟಿಯಲ್ಲಿ ಜಾಗ ಇದ್ದರೆ ಸೇರಿಸಲು ಹೇಳಿ.